420 ಹೆಚ್ಚೋ 500 ಹೆಚ್ಚೋ: ಡೀಸೆಲ್ ಪಿಕಪ್‌ಗಳ ಟಾರ್ಕ್ ರೇಖೆಯ ಎಡಬದಿ

ಕಳೆದ ತಿಂಗಳು ಮೂಡಿಗೆರೆಯಿಂದ ಭಾವ ಫೋನ್ ಮಾಡಿ ಕೇಳಿದ ಪ್ರಶ್ನೆಯೊಂದು ನನ್ನನ್ನು ಹಳೆಯ ನೋಟ್‌ಬುಕ್‌ಗಳ ಮುಂದೆ ಕೂರಿಸಿತು. ತೋಟದ ಕೆಲಸಕ್ಕೂ ಮನೆಯವರ ಓಡಾಟಕ್ಕೂ ಒಂದೇ ಗಾಡಿ ಆಗಬೇಕೆಂದು ಅವರು ಡಬಲ್ ಕ್ಯಾಬ್ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಟೊಯೊಟಾ ಹೈಲಕ್ಸ್‌ನ ಬ್ರೋಷರ್ ಕೈಯಲ್ಲಿ ಹಿಡಿದುಕೊಂಡು, "ಎರಡಕ್ಕೂ ಇರೋದು ಅದೇ 2.8 ಲೀಟರ್ ಎಂಜಿನ್, ಪವರ್ರೂ ಅದೇ 204. ಆದರೆ ಮ್ಯಾನ್ಯುಯಲ್‌ಗೆ ಟಾರ್ಕ್ 420, ಆಟೊಮ್ಯಾಟಿಕ್‌ಗೆ 500 ಅಂತ ಹಾಕಿದಾರೆ. ಒಂದೇ ಎಂಜಿನ್‌ಗೆ ಎರಡು ಲೆಕ್ಕ ಹೇಗಯ್ಯಾ? ಘಾಟಿ ಹತ್ತೋಕೆ ಯಾವುದು ಒಳ್ಳೇದು?" ಎಂದು ಕೇಳಿದರು. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯ ಅದಾಗಿರಲಿಲ್ಲ. ಎಂಜಿನ್ ಟೆಸ್ಟ್ ಬೆಡ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದ ನನಗೆ ಟಾರ್ಕ್, ಪವರ್ ರೇಖೆಗಳ ಮೇಲೆ ವಿಶೇಷವಾದ ಪ್ರೀತಿಯಿದೆ. ಆದ್ದರಿಂದ ಅವರಿಗೆ ಕೊಟ್ಟ ಉತ್ತರವನ್ನೇ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ರೇಖೆಗಳ, ಅಂದರೆ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬದಲಾದಂತೆ ಟಾರ್ಕ್ ಮತ್ತು ಪವರ್ ಹೇಗೆ ಬದಲಾಗುತ್ತವೆ ಎಂದು ತೋರಿಸುವ ಗೆರೆಗಳ, ನಂಟನ್ನು ಹೇಳಿಬಿಡುತ್ತೇನೆ. ಟಾರ್ಕ್ ಎಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟನ್ನು ತಿರುಗಿಸುವ ಬಲ. ಪವರ್ ಎಂದರೆ ಆ ಬಲದಿಂದ ಒಂದು ಸೆಕೆಂಡಿನಲ್ಲಿ ಆಗುವ ಕೆಲಸ. ಟೆಸ್ಟ್ ಬೆಡ್‌ನಲ್ಲಿ ನಾವು ಅಳೆಯುವುದು ಟಾರ್ಕ್ ಮತ್ತು ಆರ್‌ಪಿಎಂ ಎರಡನ್ನು ಮಾತ್ರ. ಪವರ್ ಅವೆರಡರ ಗುಣಾಕಾರದಿಂದ ಬರುತ್ತದೆ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್, 7024ರಿಂದ ಭಾಗಿಸಿದರೆ ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್, ಭಾವ ಹೇಳಿದ 204 ಇದೇ ಲೆಕ್ಕದ್ದು) ಸಿಗುತ್ತದೆ. ಹಾಗಾಗಿ ಟಾರ್ಕ್ ರೇಖೆಯೊಂದಿದ್ದರೆ ಪವರ್ ರೇಖೆಯನ್ನು ನಾವೇ ಬರೆದುಕೊಳ್ಳಬಹುದು, ಪವರ್ ರೇಖೆಯಿಂದ ಟಾರ್ಕನ್ನೂ ಹಿಂದಕ್ಕೆ ಲೆಕ್ಕ ಹಾಕಬಹುದು. "ಟಾರ್ಕ್ ಮುಖ್ಯವೋ ಹಾರ್ಸ್‌ಪವರ್ ಮುಖ್ಯವೋ" ಎಂಬ ವಾದ ನಡೆದಾಗಲೆಲ್ಲ ನನಗೆ ಬೇಸರವಾಗುವುದು ಇದಕ್ಕಾಗಿಯೇ. ಅವು ಒಂದೇ ಸಂಗತಿಯನ್ನು ಹೇಳುವ ಎರಡು ಬಗೆಗಳು. ಕೇಳಬೇಕಾದದ್ದು ಯಾವ ಆರ್‌ಪಿಎಂನಲ್ಲಿ ಎಷ್ಟು ಎಂಬುದನ್ನು.

ಈಗ ಭಾವನವರ 420 ಮತ್ತು 500ಕ್ಕೆ ಬರೋಣ. ಬ್ರೋಷರ್ ಪ್ರಕಾರ ಮ್ಯಾನ್ಯುಯಲ್ ಗಾಡಿಯ 420 ನ್ಯೂಟನ್ ಮೀಟರ್ 1400ರಿಂದ 3400 ಆರ್‌ಪಿಎಂವರೆಗೆ ಸಿಗುತ್ತದೆ. ಆಟೊಮ್ಯಾಟಿಕ್ ಗಾಡಿಯ 500 ಸಿಗುವುದು 1600ರಿಂದ 2800ರವರೆಗೆ. 420ನ್ನು 3400ರಿಂದ ಗುಣಿಸಿ 7024ರಿಂದ ಭಾಗಿಸಿ ನೋಡಿ: 203 ಪಿಎಸ್, ಅಂದರೆ ಬ್ರೋಷರಿನ 204ಕ್ಕೆ ಒಂದು ಕಡಿಮೆ. 500ನ್ನು 2800ರಿಂದ ಗುಣಿಸಿ ಭಾಗಿಸಿದರೆ 199 ಪಿಎಸ್. ಅಲ್ಲಿಂದ ಮುಂದೆ 3000 ತಲುಪುವಷ್ಟರಲ್ಲಿ 204 ಮುಟ್ಟಿ, 3400ರವರೆಗೆ ಆ ಪವರ್ ಹಾಗೆಯೇ ನಿಲ್ಲುತ್ತದೆ. ಪವರ್ ನಿಂತಿದೆಯೆಂದರೆ ಟಾರ್ಕ್ ಇಳಿಯುತ್ತಿದೆಯೆಂದೇ ಅರ್ಥ: 3000ದಲ್ಲಿ 477 ಇದ್ದದ್ದು 3400ಕ್ಕೆ 421 ಆಗಿರುತ್ತದೆ. 3400ರ ಬಳಿ ಎರಡು ಗಾಡಿಗಳ ಟಾರ್ಕೂ ಒಂದೇ ಜಾಗಕ್ಕೆ ಬಂದು ಸೇರಿತು. 1600ರಿಂದ 3400ರ ನಡುವೆ ಮಾತ್ರ ಆಟೊಮ್ಯಾಟಿಕ್‌ನ ರೇಖೆ ಮೇಲೆದ್ದಿದೆ, ಮ್ಯಾನ್ಯುಯಲ್‌ನ ರೇಖೆಯ ತಲೆಯನ್ನು ಹಲಗೆಯಿಟ್ಟು ಕೊಯ್ದ ಹಾಗೆ ಸಪಾಟು ಮಾಡಲಾಗಿದೆ.

ಕೊಯ್ದದ್ದು ಯಾರು? ಎಂಜಿನ್ ಕಂಟ್ರೋಲ್ ಯೂನಿಟ್, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್. ಇಂದಿನ ಕಾಮನ್ ರೈಲ್ ಡೀಸೆಲ್‌ನಲ್ಲಿ ಪ್ರತಿ ಆರ್‌ಪಿಎಂಗೂ ಎಷ್ಟು ಡೀಸೆಲ್ ಚಿಮ್ಮಿಸಬೇಕು, ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಸಿಲಿಂಡರಿಗೆ ಗಾಳಿ ತುರುಕುವ ಟರ್ಬೊದಿಂದ ಎಷ್ಟು ಒತ್ತಡ ತೆಗೆಯಬೇಕು ಎಂಬುದನ್ನು ಕೋಷ್ಟಕದಲ್ಲಿ ಬರೆದಿಟ್ಟಿರುತ್ತಾರೆ. ಆ ಕೋಷ್ಟಕ ಬರೆಯುವವರು ಎಂಜಿನ್ ಒಂದನ್ನೇ ನೋಡಿ ಬರೆಯುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ಎಲ್ಲವೂ ಎಷ್ಟು ತಾಳಿಯಾವು ಎಂದು ನೋಡಿ ಮಿತಿ ಹಾಕುತ್ತಾರೆ. ಬ್ರೋಷರಿನಲ್ಲಿ ಸಪಾಟಾದ ಟಾರ್ಕ್ ಕಂಡಾಗಲೆಲ್ಲ ಅದು ಎಂಜಿನ್ನಿನ ಸಹಜ ಸ್ವಭಾವವಲ್ಲ, ಮನುಷ್ಯರು ಎಳೆದ ಗೆರೆ ಎಂದು ತಿಳಿಯಬೇಕು. 2016ರಲ್ಲಿ ಇನ್ನೋವಾ ಕ್ರಿಸ್ಟಾದಲ್ಲಿ ಇದೇ 2.8 ಎಂಜಿನ್ 1200ರಿಂದ 3400ರವರೆಗೆ 360 ನ್ಯೂಟನ್ ಮೀಟರ್ ಮತ್ತು 174 ಪಿಎಸ್‌ನೊಂದಿಗೆ ಬಂದಿತ್ತು. 92 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ) ಮತ್ತು ಪಿಸ್ಟನ್ ಓಡುವ ದೂರವಾದ 103.6 ಮಿ.ಮೀ. ಸ್ಟ್ರೋಕ್‌ನ ಅದೇ ವಂಶದ ಎಂಜಿನ್ನಿಗೆ 360, 420, 500 ಎಂದು ಮೂರು ಎತ್ತರದ ಗೆರೆಗಳು. ಎಂಜಿನ್ ಯಾವುದು ಎಂದು ಗೊತ್ತಾದ ಮಾತ್ರಕ್ಕೆ ಟಾರ್ಕ್ ಎಷ್ಟು ಎಂದು ಗೊತ್ತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಇಷ್ಟು ಹೇಳಿದರೆ 500 ದೊಡ್ಡದು, ಅದನ್ನೇ ಕೊಳ್ಳಿ ಎಂದು ಮುಗಿಸಬಹುದಿತ್ತು. ಆದರೆ ಘಾಟಿಯಲ್ಲಿ ನಿರ್ಣಯವಾಗುವುದು ರೇಖೆಯ ತುದಿಯಲ್ಲಲ್ಲ, ಅದರ ಎಡಬದಿಯಲ್ಲಿ, ಅಂದರೆ ಆರ್‌ಪಿಎಂ ಕಡಿಮೆಯಿರುವ ಕಡೆ. ಬ್ರೋಷರ್ ಬಾಯಿಬಿಡದ ಭಾಗ ಅದು.

ನನಗೆ ಇದು ಅನುಭವಕ್ಕೆ ಬಂದದ್ದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆಯ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುತ್ತಿದ್ದೆವು. ಹಿಂದೆ 50 ಕಿಲೋದ ಇಪ್ಪತ್ತು ಮೂಟೆ ಗೊಬ್ಬರ, ಮುಂದೆ ನಾವು ಮೂವರು, ಗಾಡಿ ಸಾಲ ತಂದದ್ದು. ಎಡಕ್ಕೆ ಬಿಗಿಯಾಗಿ ಮಡಚುವ ಹೇರ್‌ಪಿನ್ ತಿರುವೊಂದರಲ್ಲಿ ಎದುರಿನಿಂದ ಬಸ್ಸು ಬಂದದ್ದರಿಂದ ಒಳಬದಿಗೆ ಸರಿಯಬೇಕಾಯಿತು; ತಿರುವಿನ ಒಳಬದಿಯಲ್ಲಿ ಏರು ಯಾವಾಗಲೂ ಹೆಚ್ಚು ಕಡಿದು. ಎರಡನೇ ಗೇರಿನಲ್ಲಿ ಆರ್‌ಪಿಎಂ ಸಾವಿರದ ಹತ್ತಿರ ಬಂತು. ನಾನು ಆಕ್ಸಿಲರೇಟರನ್ನು ಪೂರ್ತಿ ಅದುಮಿದೆ. ಎಂಜಿನ್ ಒಂದು ಕ್ಷಣ ನಡುಗಿ, ಇನ್ನಷ್ಟು ಇಳಿದು, ನಿಂತೇಹೋಯಿತು. ಹ್ಯಾಂಡ್‌ಬ್ರೇಕ್ ಹಿಡಿಯಿತು, ಹಿಂದೆ ಬರುತ್ತಿದ್ದವರು ಕಲ್ಲು ಕೊಟ್ಟರು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಗಾಡಿಯ ಬ್ರೋಷರಿನಲ್ಲಿದ್ದ ಟಾರ್ಕ್ ಆ ಏರಿಗೆ ಬೇಕಾದ ಟಾರ್ಕಿನ ಸುಮಾರು ಎರಡರಷ್ಟಿತ್ತು.

ಲೆಕ್ಕ ಹಾಕಿ ತೋರಿಸುತ್ತೇನೆ. ಗಾಡಿ, ಲೋಡು, ಜನ ಸೇರಿ ಮೂರು ಟನ್ ಎಂದಿಟ್ಟುಕೊಳ್ಳಿ. ತಿರುವಿನ ಒಳಗೆ ಎಂಟು ಅಡಿಗೆ ಒಂದು ಅಡಿ ಏರು. ಭೂಮಿ ಹಿಂದಕ್ಕೆ ಎಳೆಯುವ ಬಲ ಸುಮಾರು 3680 ನ್ಯೂಟನ್, ಟಯರ್‌ಗಳ ಉರುಳು ಘರ್ಷಣೆ ಸುಮಾರು 440. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದಲ್ಲಿ 13.7 ಕಿಲೋವ್ಯಾಟ್ ಬೇಕು, ಗೇರ್‌ಬಾಕ್ಸ್ ಮತ್ತು ಆಕ್ಸಲ್‌ನಲ್ಲಿ ಹತ್ತರಲ್ಲೊಂದು ಪಾಲು ಸೋರಿಹೋದರೆ ಎಂಜಿನ್ 15 ಕಿಲೋವ್ಯಾಟ್ ಕೊಡಬೇಕು. ಆ ವೇಗ ಎರಡನೇ ಗೇರಿನಲ್ಲಿ 1000 ಆರ್‌ಪಿಎಂಗೆ ಸಮವಾದರೆ ಬೇಕಾದ ಟಾರ್ಕ್ 145 ನ್ಯೂಟನ್ ಮೀಟರ್. ಮೇಲುನೋಟಕ್ಕೆ ಸಣ್ಣ ಸಂಖ್ಯೆ. ಆದರೆ 1000 ಆರ್‌ಪಿಎಂನಲ್ಲಿ ಎಕ್ಸಾಸ್ಟ್‌ನಿಂದ ಹೊರಡುವ ಹೊಗೆಗೆ ಟರ್ಬೈನನ್ನು ತಿರುಗಿಸುವಷ್ಟು ಶಕ್ತಿಯಿರುವುದಿಲ್ಲ; ಟರ್ಬೊ ಸುಮ್ಮನೆ ಕೂತಿರುತ್ತದೆ; ಸಿಲಿಂಡರಿಗೆ ಬರುವ ಗಾಳಿ ಅಷ್ಟಕ್ಕಷ್ಟೇ; ಗಾಳಿ ಇಲ್ಲದೆ ಡೀಸೆಲ್ ಹೆಚ್ಚಿಸಿದರೆ ಕಪ್ಪು ಹೊಗೆ ಬರುವುದರಿಂದ ಕಂಟ್ರೋಲ್ ಯೂನಿಟ್ ಡೀಸೆಲನ್ನೂ ತಡೆಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಾಡಿಯಲ್ಲಿರುವುದು ಟರ್ಬೊ ಇಲ್ಲದ ಸಾಧಾರಣ ಎಂಜಿನ್.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಒಂದೇ ಗೇರಿನಲ್ಲಿ ಒಂದೇ ಏರನ್ನು ಹತ್ತುವಾಗ ಬೇಕಾದ ಟಾರ್ಕ್ ಬದಲಾಗುವುದಿಲ್ಲ. ನಿಧಾನವಾದರೂ ಅದು 145 ಆಗಿಯೇ ಇರುತ್ತದೆ. ಎಂಜಿನ್ ಕೊಡುವ ಟಾರ್ಕ್ ಮಾತ್ರ ಆರ್‌ಪಿಎಂ ಜೊತೆ ಬದಲಾಗುತ್ತದೆ. ರೇಖೆಯ ಬಲಬದಿಯಲ್ಲಿ, ಅಂದರೆ ಟಾರ್ಕ್ ಇಳಿಜಾರಾಗಿರುವ ಕಡೆ, ಏರು ಹೆಚ್ಚಾಗಿ ಆರ್‌ಪಿಎಂ ಬಿದ್ದರೆ ಟಾರ್ಕ್ ಏರುತ್ತದೆ, ಗಾಡಿ ತಾನೇ ಸಾವರಿಸಿಕೊಳ್ಳುತ್ತದೆ. ಎಡಬದಿಯಲ್ಲಿ ಇದು ತಿರುಗುಮುರುಗು: ಆರ್‌ಪಿಎಂ ಬಿದ್ದರೆ ಟಾರ್ಕೂ ಬೀಳುತ್ತದೆ, ಅದರಿಂದ ಆರ್‌ಪಿಎಂ ಇನ್ನಷ್ಟು ಬೀಳುತ್ತದೆ, ಒಂದೆರಡು ಸೆಕೆಂಡಿನಲ್ಲಿ ಎಂಜಿನ್ ಬಂದ್. ಚಾರ್ಮಾಡಿಯಲ್ಲಿ ಆದದ್ದು ಅಕ್ಷರಶಃ ಇದೇ. ಟ್ರ್ಯಾಕ್ಟರ್ ಮಾರುವವರು ಬಲಬದಿಯ ಈ ಗುಣವನ್ನು ಟಾರ್ಕ್ ಬ್ಯಾಕಪ್ ಎಂದು ಕರೆದು ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಪಿಕಪ್ ಮಾರುವವರು ಹೇಳುವುದಿಲ್ಲ, ಹೇಳಿದ್ದರೆ ಚೆನ್ನಾಗಿತ್ತು.

ಅದನ್ನು ನಾವೇ ಲೆಕ್ಕ ಹಾಕಬಹುದು. ಗರಿಷ್ಠ ಪವರ್ ಬರುವ ಆರ್‌ಪಿಎಂನಲ್ಲಿ ಟಾರ್ಕ್ ಎಷ್ಟು ಎಂದು ಹಿಂದಕ್ಕೆ ಲೆಕ್ಕಮಾಡಿ, ಗರಿಷ್ಠ ಟಾರ್ಕ್ ಅದಕ್ಕಿಂತ ಎಷ್ಟು ಹೆಚ್ಚು ಎಂದು ನೋಡಿದರೆ ಸಾಕು. ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಪರಿಚಿತವಾದ ಮಹೀಂದ್ರ ಬೊಲೆರೊ ಪಿಕಪ್‌ನ 2.5 ಲೀಟರ್ ಎಂಜಿನ್ 3200ರಲ್ಲಿ 56 ಕಿಲೋವ್ಯಾಟ್ ಕೊಡುತ್ತದೆ, 1400ರಿಂದ 2200ರವರೆಗೆ 200 ನ್ಯೂಟನ್ ಮೀಟರ್. 3200ರಲ್ಲಿ ಟಾರ್ಕ್ 167. ಬ್ಯಾಕಪ್ ಸುಮಾರು ಶೇ 20. ಹೈಲಕ್ಸ್ ಆಟೊಮ್ಯಾಟಿಕ್‌ನಲ್ಲಿ 421ರಿಂದ 500ಕ್ಕೆ, ಶೇ 19. ಹೈಲಕ್ಸ್ ಮ್ಯಾನ್ಯುಯಲ್‌ನಲ್ಲಿ 3400ರಿಂದ 1400ರವರೆಗೂ ಅದೇ 420, ಅಂದರೆ ಸೊನ್ನೆ! ಪೂರ್ತಿ ಅದುಮಿ ಏರು ಹತ್ತುವಾಗ ಏರು ಸ್ವಲ್ಪ ಕಡಿದಾದರೆ ಮ್ಯಾನ್ಯುಯಲ್ ಗಾಡಿ ಟಾರ್ಕ್ ಹೆಚ್ಚಿಸಿ ಉತ್ತರ ಕೊಡುವುದಿಲ್ಲ. ವೇಗ ಇಳಿಯುತ್ತಲೇ ಹೋಗುತ್ತದೆ, ಚಾಲಕನೇ ಗೇರ್ ಇಳಿಸಬೇಕು. 420 ಎಂಬುದು ಆ ಗಾತ್ರದ ಗಾಡಿಗೆ ಧಾರಾಳವಾದ ಟಾರ್ಕ್ ಆದ್ದರಿಂದ ದಿನನಿತ್ಯ ಇದು ಅನುಭವಕ್ಕೆ ಬರಲಾರದು, ಆದರೆ ರೇಖೆಯ ಗುಣ ಹಾಗಿದೆ.

ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್‌ನ ಎರಡು ಎಂಜಿನ್‌ಗಳ ಹೋಲಿಕೆ ನನಗೆ ಇನ್ನೂ ಇಷ್ಟ. 2016ರಲ್ಲಿ ಬಂದ 2.5 ಲೀಟರ್ ಎಂಜಿನ್ 3600ರಲ್ಲಿ 100 ಕಿಲೋವ್ಯಾಟ್, 1800ರಿಂದ 2800ರವರೆಗೆ 320 ನ್ಯೂಟನ್ ಮೀಟರ್ ಕೊಡುತ್ತಿತ್ತು. ಬಿಎಸ್6 ಹೊಗೆ ನಿಯಮದ ಕಾಲದ 1.9 ಲೀಟರ್ ಎಂಜಿನ್ 3600ರಲ್ಲಿ 120 ಕಿಲೋವ್ಯಾಟ್, 2000ದಿಂದ 2500ರವರೆಗೆ 360 ಕೊಡುತ್ತದೆ. ಹೊಸದರ ಸಪಾಟು ಭಾಗ ಹಳೆಯದರ ಅರ್ಧದಷ್ಟು ಅಗಲ. ಅದನ್ನು ನೋಡಿ ಹೊಸದು ಮೊನಚು, ಹಳೆಯದು ಉದಾರ ಎಂದು ತೀರ್ಮಾನಿಸುವವರು ಬಹಳ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 120 ಕಿಲೋವ್ಯಾಟನ್ನು 9549ರಿಂದ ಗುಣಿಸಿ 3600ರಿಂದ ಭಾಗಿಸಿದರೆ 318. ಅಂದರೆ ಹೊಸ ಎಂಜಿನ್ ತನ್ನ ಇಳಿಜಾರಿನ ಕೊನೆಯಲ್ಲಿ ಕೊಡುವ ಟಾರ್ಕ್, ಹಳೆಯ ಎಂಜಿನ್ ತನ್ನ ಅತ್ಯುತ್ತಮ ಸ್ಥಿತಿಯಲ್ಲಿ ಕೊಡುತ್ತಿದ್ದ 320ಕ್ಕೆ ಸರಿಸಮ! 2000ದಿಂದ ಮೇಲಕ್ಕೆ ಹೊಸ ರೇಖೆ ಎಲ್ಲಿಯೂ ಹಳೆಯದರ ಕೆಳಗೆ ಬರುವುದಿಲ್ಲ. ಸಪಾಟು ಭಾಗದ ಅಗಲವನ್ನು ಮಾತ್ರ ನೋಡುವುದು ಮನೆಯ ಅಳತೆಯನ್ನು ಜಗಲಿಯಿಂದ ತೆಗೆದಂತೆ. ಹೋಲಿಕೆ ನಿಜವಾಗಿ ಕಷ್ಟವಾಗುವುದು 1800ರ ಕೆಳಗೆ. 1.9 ಲೀಟರಿನ ಸಿಲಿಂಡರ್‌ಗಳು ಒಂದು ಸುತ್ತಿಗೆ ಒಳಗೆಳೆಯುವ ಗಾಳಿ 2.5 ಲೀಟರಿನದಕ್ಕಿಂತ ಕಾಲುಭಾಗ ಕಡಿಮೆ. ಟರ್ಬೊ ಎದ್ದೇಳುವವರೆಗೆ ಆ ಕೊರತೆಯನ್ನು ತುಂಬುವುದು ಸುಲಭವಲ್ಲ. ಸಣ್ಣ ಎಂಜಿನ್ನಿಗೆ ದೊಡ್ಡ ಟಾರ್ಕ್ ಬಂದಾಗಲೆಲ್ಲ ಅದು ಟರ್ಬೊದಿಂದ ಪಡೆದ ಸಾಲ, ಎಡಬದಿಯಲ್ಲಿ ಆ ಸಾಲ ಇನ್ನೂ ಕೈಗೆ ಬಂದಿರುವುದಿಲ್ಲ.

ಟೆಸ್ಟ್ ಬೆಡ್‌ನಲ್ಲಿ ಈ ರೇಖೆಯನ್ನು ಹೇಗೆ ತೆಗೆಯುತ್ತೇವೆ ಎಂಬುದನ್ನೂ ಇಲ್ಲಿ ಹೇಳಬೇಕು. ಎಂಜಿನ್ನನ್ನು ಟಾರ್ಕ್ ಅಳೆಯುವ ಡೈನಮೋಮೀಟರಿಗೆ ಜೋಡಿಸಿ, ನೀರು ಮತ್ತು ಆಯಿಲ್ ಕಾಯುವವರೆಗೆ ಓಡಿಸಿ, ಆಕ್ಸಿಲರೇಟರನ್ನು ಪೂರ್ತಿ ತೆರೆದಿಟ್ಟು, ಡೈನಮೋಮೀಟರಿನಿಂದ ಎದುರು ಲೋಡ್ ಕೊಟ್ಟು ಆರ್‌ಪಿಎಂ ಅನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸುತ್ತೇವೆ. ಟರ್ಬೊದ ಒತ್ತಡ, ಎಕ್ಸಾಸ್ಟ್‌ನ ಉಷ್ಣತೆ, ಟಾರ್ಕ್ ಎಲ್ಲವೂ ಸ್ಥಿರವಾಗುವವರೆಗೆ ಕಾಯುತ್ತೇವೆ; ಆಮೇಲೆ ಬರೆದುಕೊಂಡು ಮುಂದಿನ ಬಿಂದುವಿಗೆ ಹೋಗುತ್ತೇವೆ. 1200 ಆರ್‌ಪಿಎಂನ ಬಿಂದು ಎಂದರೆ, ಆ ಎಂಜಿನ್ 1200ರಲ್ಲಿ ಪೂರ್ತಿ ಲೋಡ್ ಹೊತ್ತು ನಿಧಾನವಾಗಿ ಬಿಸಿಯೇರಿ, ಟರ್ಬೊ ತನ್ನಿಂದಾದಷ್ಟು ಎದ್ದುನಿಂತ ಮೇಲಿನ ಟಾರ್ಕ್. ಹೇರ್‌ಪಿನ್ ತಿರುವಿನಲ್ಲಿ ಅಷ್ಟು ಹೊತ್ತು ಕಾಯುವವರು ಯಾರು? ಬ್ರೇಕ್ ಹಾಕಿ ಒಳಗೆ ಬಂದಾಗ ಟರ್ಬೊ ಆಗಲೇ ಮಲಗಿರುತ್ತದೆ, ಆಕ್ಸಿಲರೇಟರ್ ಅದುಮಿದ ಮೇಲೆ ಅದು ಏಳಲು ಬೇಕಾಗುವ ಕ್ಷಣಗಳಲ್ಲಿ ಗಾಡಿ ತಿರುವಿನ ಅರ್ಧ ದಾಟಿರುತ್ತದೆ. ಹೀಗಾಗಿ ಎಡಬದಿಯ ರೇಖೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಅಚ್ಚು ಹಾಕಿದರೂ ರಸ್ತೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆಯೇ. ಅದರ ಮೇಲೆ ಎತ್ತರದ ಪರಿಣಾಮ ಬೇರೆ: ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇ 9 ಕಡಿಮೆ. ಟರ್ಬೊ ಎದ್ದಿದ್ದರೆ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ, ಮಲಗಿದ್ದರೆ ಪೂರ್ತಿ ನಷ್ಟ ನಮ್ಮದೇ.

ನಮ್ಮ ಕಡೆಯ ಚಾಲಕರು "ಗಾಡಿಗೆ ಪಿಕಪ್ ಇಲ್ಲ" ಎನ್ನುವಾಗ ಈ ಎಡಬದಿಯನ್ನೇ ಹೇಳುತ್ತಿರುತ್ತಾರೆ. "ಮೇಲೆ ಚೆನ್ನಾಗಿ ಓಡುತ್ತೆ, ಕೆಳಗೆ ದಮ್ಮಿಲ್ಲ" ಎಂಬ ಮಾತಿನಲ್ಲಿ ಇಡೀ ಟಾರ್ಕ್ ರೇಖೆ ಅಡಗಿದೆ. ಗ್ರಾಫ್ ಓದದೆ ಕೈಕಾಲುಗಳಿಂದಲೇ ಅದನ್ನು ಕಲಿತವರ ಮಾತಿಗೆ ನಾನು ಬ್ರೋಷರಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳ ರೇಖೆಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಎಂಜಿನ್ನಿನ ಆಕಾರಕ್ಕೂ ರೇಖೆಯ ಆಕಾರಕ್ಕೂ ಇರುವ ಸಂಬಂಧ ಅಲ್ಲಿ ಎದ್ದು ಕಾಣುತ್ತದೆ. 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂದ ಕಮಿನ್ಸ್ 5.9 ಲೀಟರ್ ಎಂಜಿನ್ನಿಗೆ 160 ಹಾರ್ಸ್‌ಪವರ್, 400 ಪೌಂಡ್-ಅಡಿ, ಅಂದರೆ ಸುಮಾರು 542 ನ್ಯೂಟನ್ ಮೀಟರ್ ಇತ್ತು. ಇಂದು ಫೋರ್ಡ್‌ನ 6.7 ಲೀಟರ್ ಪವರ್ ಸ್ಟ್ರೋಕ್ ಹೈ ಔಟ್‌ಪುಟ್ 1600ರಲ್ಲಿ 1200 ಪೌಂಡ್-ಅಡಿ, 2600ರಲ್ಲಿ 500 ಹಾರ್ಸ್‌ಪವರ್ ಕೊಡುತ್ತದೆ, ಜಿಎಂನ 6.6 ಲೀಟರ್ ಡ್ಯುರಾಮ್ಯಾಕ್ಸ್ 1600ರಲ್ಲಿ 975, 2800ರಲ್ಲಿ 470, ರ‍್ಯಾಮ್‌ನ 6.7 ಲೀಟರ್ ಕಮಿನ್ಸ್ ಹೈ ಔಟ್‌ಪುಟ್ 1800ರಲ್ಲಿ 1075, 2800ರಲ್ಲಿ 430. ಗರಿಷ್ಠ ಪವರ್‌ನ ಬಿಂದುವಿನಲ್ಲಿ ಗರಿಷ್ಠ ಟಾರ್ಕಿನ ಎಷ್ಟು ಪಾಲು ಉಳಿದಿದೆ ಎಂದು ನೋಡಿದರೆ ಡ್ಯುರಾಮ್ಯಾಕ್ಸ್‌ನಲ್ಲಿ ಶೇ 90, ಪವರ್ ಸ್ಟ್ರೋಕ್‌ನಲ್ಲಿ ಶೇ 84, ಕಮಿನ್ಸ್‌ನಲ್ಲಿ ಶೇ 75. ಈಗ ಬೋರ್ ಮತ್ತು ಸ್ಟ್ರೋಕ್ ನೋಡಿ: ಡ್ಯುರಾಮ್ಯಾಕ್ಸ್ 103 ಮತ್ತು 99 ಮಿ.ಮೀ., ಪವರ್ ಸ್ಟ್ರೋಕ್ 99 ಮತ್ತು 108, ಕಮಿನ್ಸ್ 107 ಮತ್ತು 124. ಸ್ಟ್ರೋಕ್ ಉದ್ದವಾದಂತೆ ಬಲಬದಿ ಬೇಗ ಇಳಿಯುತ್ತದೆ. ಎಂಟು ಸಿಲಿಂಡರಿನ ವಿ ಆಕಾರದ ಎಂಜಿನ್ನಿಗಿಂತ ಸಾಲಾಗಿ ನಿಂತ ಆರು ಸಿಲಿಂಡರಿನ ಕಮಿನ್ಸ್‌ನಲ್ಲಿ ಪಿಸ್ಟನ್ ಒಂದು ಸುತ್ತಿಗೆ ಹೆಚ್ಚು ದೂರ ಓಡಬೇಕು. 2800ರಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 11.6 ಮೀಟರ್, ಡ್ಯುರಾಮ್ಯಾಕ್ಸ್‌ನದು 9.2. ಸ್ಟ್ರೋಕ್ ಒಂದೇ ಕಾರಣವೆಂದು ನಾನು ಹೇಳಲಾರೆ, ಕೋಷ್ಟಕ ಬರೆಯುವವರ ಕೈ ಇಲ್ಲಿಯೂ ಇದೆ. ಆದರೂ ಟ್ರೇಲರ್ ಎಳೆದುಕೊಂಡು ಬೆಟ್ಟ ಹತ್ತುವವರು ಕಮಿನ್ಸ್‌ನ ಎಳೆತವನ್ನು ಅಷ್ಟು ನೆಚ್ಚಿಕೊಂಡಿರುವುದರ ಹಿಂದೆ ಈ ಇಳಿಜಾರಿನ ಪಾಲಿದೆ ಎಂದು ನನಗೆ ಅನ್ನಿಸುತ್ತದೆ: ಆರ್‌ಪಿಎಂ ಬಿದ್ದಷ್ಟೂ ಅದು ಗಟ್ಟಿಯಾಗಿ ಹಿಡಿಯುತ್ತದೆ.

ಅಮೆರಿಕದ ಗ್ರಾಫ್‌ಗಳನ್ನು ನೋಡುವವರಿಗೆ ಒಂದು ಎಚ್ಚರಿಕೆ. ಪೌಂಡ್-ಅಡಿ ಮತ್ತು ಹಾರ್ಸ್‌ಪವರನ್ನು ಒಂದೇ ಅಳತೆಗೋಲಿನಲ್ಲಿ ಬರೆದರೆ ಎರಡು ರೇಖೆಗಳು 5252 ಆರ್‌ಪಿಎಂನಲ್ಲಿ ಒಂದನ್ನೊಂದು ದಾಟಬೇಕು. ಅದು ಅಳತೆಯ ಮಾನಗಳಿಂದ ಬರುವ ಸಂಖ್ಯೆ, ಎಂಜಿನ್ನಿನ ಗುಣವಲ್ಲ. ಈ ಡೀಸೆಲ್‌ಗಳು ಅಲ್ಲಿಯವರೆಗೆ ಓಡುವುದೇ ಇಲ್ಲವಾದ್ದರಿಂದ ಅವುಗಳ ರೇಖೆಗಳು ದಾಟುವುದಿಲ್ಲ. ಡೀಸೆಲ್ ಗ್ರಾಫಿನಲ್ಲಿ ಎರಡು ರೇಖೆಗಳು ದಾಟಿದಂತೆ ಕಂಡರೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಅಳತೆಗೋಲು ಹಾಕಿದ್ದಾರೆ ಎಂದು ತಿಳಿಯಿರಿ. ಆ ದಾಟುಬಿಂದುವಿಗೆ ಯಾವ ಅರ್ಥವೂ ಇಲ್ಲ.

ಭಾವನವರಿಗೆ ಕೊನೆಗೆ ನಾನು ಹೇಳಿದ್ದು ಹೀಗೆ. 500 ಹೆಚ್ಚು ಎಂಬುದಕ್ಕಾಗಿ ಆಟೊಮ್ಯಾಟಿಕ್ ಬೇಕಿಲ್ಲ. ಆದರೆ ಅದರಲ್ಲಿರುವ ಟಾರ್ಕ್ ಕನ್ವರ್ಟರ್ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆಯ ಮೂಲಕ ಬಲ ದಾಟಿಸುವುದರಿಂದ, ಚಕ್ರ ನಿಧಾನವಾಗಿದ್ದರೂ ಎಂಜಿನ್ ಮೇಲೆದ್ದು ಟರ್ಬೊ ಎಚ್ಚರವಾಗುವ ಜಾಗಕ್ಕೆ ಹೋಗಬಲ್ಲದು. ಆ ಹೊತ್ತಿನಲ್ಲಿ ಕನ್ವರ್ಟರ್ ಟಾರ್ಕನ್ನು ಒಂದಷ್ಟು ಹೆಚ್ಚಿಸಿಯೂ ಕೊಡುತ್ತದೆ. ಎಡಬದಿಯ ಹಳ್ಳಕ್ಕೆ ಅದು ಸೇತುವೆ. ಮ್ಯಾನ್ಯುಯಲ್‌ನಲ್ಲಿ ಆ ಸೇತುವೆಯನ್ನು ನಾವು ಹಾಫ್ ಕ್ಲಚ್‌ನಿಂದಲೋ ಒಂದನೇ ಗೇರಿನಿಂದಲೋ ಕಟ್ಟಬೇಕು. ಹಾಫ್ ಕ್ಲಚ್ ಎಂದರೆ ಕ್ಲಚ್ ಪ್ಲೇಟ್ ಸವೆಯುವ ಖರ್ಚು. ತೋಟದ ಗಾಡಿಯನ್ನು ಅವರೊಬ್ಬರೇ ಓಡಿಸುವುದಾದರೆ ಮ್ಯಾನ್ಯುಯಲ್ ಸಾಕು, ಏಕೆಂದರೆ ತಿರುವಿಗೆ ಮೊದಲೇ ಗೇರ್ ಇಳಿಸುವ ಅಭ್ಯಾಸ ಅವರಿಗೆ ಮೂವತ್ತು ವರ್ಷದ್ದು. ಮನೆಯವರೆಲ್ಲ ಓಡಿಸುವುದಾದರೆ ಆಟೊಮ್ಯಾಟಿಕ್.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ಶೋರೂಮಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಓಡಿಸಿ ಬರಬೇಡಿ ಎಂದೂ ಹೇಳಿದೆ. ಒಳ್ಳೆಯ ಏರು ಹುಡುಕಿ, ನಾಲ್ಕು ಜನ ಕೂತು, ಮ್ಯಾನ್ಯುಯಲ್ ಆದರೆ ಮೂರನೇ ಗೇರಿನಲ್ಲಿ 1000 ಆರ್‌ಪಿಎಂಗೆ ಇಳಿಸಿ, ಅಲ್ಲಿಂದ ಪೂರ್ತಿ ಅದುಮಿ, 1500 ತಲುಪಲು ಎಷ್ಟು ಸೆಕೆಂಡು, 1500ರಿಂದ 2000ಕ್ಕೆ ಎಷ್ಟು ಸೆಕೆಂಡು ಎಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಅಳೆಯಲಿ. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ಎಡಬದಿ ತುಂಬಿದೆ ಎಂದರ್ಥ. ಮೊದಲನೆಯದು ಎರಡನೆಯದರ ಎರಡರಷ್ಟಾದರೆ ಹಳ್ಳ ಆಳವಾಗಿದೆ. ಎಂಜಿನ್ ಡಡಡ ಎಂದು ಕುಲುಕಾಡಲು ಶುರುಮಾಡಿದರೆ ಒತ್ತಾಯಿಸದೆ ಕ್ಲಚ್ ಒತ್ತಿಬಿಡಬೇಕು. ಇದೇ ಏರಿನಲ್ಲಿ, ಇದೇ ಜನರನ್ನು ಕೂರಿಸಿಕೊಂಡು, ಮನಸ್ಸಿನಲ್ಲಿರುವ ಎಲ್ಲ ಗಾಡಿಗಳನ್ನೂ ಓಡಿಸಿ ಬರೆದುಕೊಳ್ಳಬೇಕು. ಭಾವ ಈಗಾಗಲೇ ಎರಡು ಗಾಡಿಗಳ ಸೆಕೆಂಡುಗಳನ್ನು ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟು ಅದರ ಫೋಟೊ ಕಳಿಸಿದ್ದಾರೆ. ಮೂರನೆಯದನ್ನು ಬರುವ ಭಾನುವಾರ ಕೊಟ್ಟಿಗೆಹಾರದ ಏರಿನಲ್ಲಿ ಓಡಿಸಲಿದ್ದಾರೆ, ಸೆಕೆಂಡು ಎಣಿಸಲು ನಾನೂ ಹೋಗುತ್ತಿದ್ದೇನೆ.